ಗೋಡೆ ಏರಲು ಅತ್ತಿಯ ಅವಸರ

ಹೊರದೇಶಗಳ ಚಿತ್ರಶಾಲೆಗಳಲ್ಲಿ ರಾಜ-ರಾಣಿಯರ ಮುಖಗಳನ್ನು ಕಾಲು ನೋಯುವಷ್ಟು ನೋಡಿ ಬಂದಿದ್ದೇನೆ. ಒಂದೂ ನನ್ನನ್ನು ನಗಿಸಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಾತ್ರ ಫೋಟೋಕ್ಕೆಂದು ಒಂದು ಮೊಳೆ ಹೊಡೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ನಾನು ಒಂದು ಪ್ರಯಾಣ ಮುಗಿಸಿ ಇನ್ನೊಂದಕ್ಕೆ ಹೊರಡುವ ನಡುವೆ ಬಟ್ಟೆ ಒಗೆದುಕೊಳ್ಳಲು ಬರುವವಳು. ಆದರೂ ಪ್ರತಿ ಸಲ ನನ್ನ ಪಾಲಿನ ಪ್ರಸಂಗ ಕಾದಿರುತ್ತದೆ.

ಅಜ್ಜನ ಹೆಗಲ ಮೇಲಿನ ಕೈ

ಅಜ್ಜ ಕ್ಯಾಮೆರಾ ಕಂಡರೆ ಹೊಲದ ದಾರಿ ಹಿಡಿಯುತ್ತಿದ್ದ. ಆತ ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿದರೆ ಸಿಕ್ಕಿದ್ದು ಒಂದೇ ಫೋಟೋ, ಹುನಗುಂದದ ಯಾವುದೋ ಮದುವೆಯ ಗುಂಪಿನದು. ಸ್ಟುಡಿಯೋದವನು ಅಜ್ಜನನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಟ್ಟ. ಪಕ್ಕದಲ್ಲಿ ನಿಂತಿದ್ದ ಸೋದರಳಿಯ ಹೋದ, ಅವನು ಅಜ್ಜನ ಹೆಗಲ ಮೇಲಿಟ್ಟ ಕೈ ಉಳಿಯಿತು. ಉಂಗುರ ಸಮೇತ.

ಅಮಾಸಿಗೊಮ್ಮೆ ಫೋಟೋಕ್ಕೆ ವಿಭೂತಿ ಹಚ್ಚುವಾಗ ಆ ಕೈಗೂ ಒಂದಿಷ್ಟು ತಗಲುತ್ತದೆ. ಸೋದರಳಿಯ ಹುನಗುಂದದಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಹಬ್ಬಕ್ಕೆ ಬಂದರೆ, ಊಟಕ್ಕೆ ಕೂರುವ ಮೊದಲು ತನ್ನ ಕೈಗೆ ತಾನೇ ಕೈ ಮುಗಿಯುತ್ತಾನೆ.

ಬಾದಾಮಿಯ ನಾಚಿಕೆ

ಇದನ್ನೆಲ್ಲ ನೋಡಿ ಹೆದರಿದವಳು ಅಪ್ಪನ ಅಕ್ಕ, ಇದೇ ಓಣಿಯಲ್ಲಿ ಮನೆ ಮಾಡಿರುವ ನಮ್ಮ ಅತ್ತಿ. "ನಾ ಹ್ವಾದಮ್ಯಾಲೆ ನನ್ನೂ ಹಿಂಗ ಎಲ್ಲಿಂದರೆ ಕತ್ತರಿಸಿ ಹಾಕ್ತಾರ. ಮಂದಿ ನನ್ನ ಹ್ಯಾಂಗ ನೆನಸಬೇಕು ಅನ್ನೋದು ನಾನ ನೋಡ್ಕೋತೇನಿ" ಎಂದು ಇರುವಾಗಲೇ ಒಳ್ಳೆಯ ಫೋಟೋ ಹುಡುಕಲು ಕುಳಿತಳು.

"ನನ್ನ ಕಡೆ ಐತಲ್ಲ, ಬಾದಾಮ್ಯಾಗ ತಗದದ್ದು" ಎಂದು ಅತ್ತಿಯ ಗಂಡ, ನಮ್ಮ ಮಾಮಾ, ಎದೆಯ ಕಿಸೆಯಿಂದ ಪಾಕೀಟು ತೆಗೆದರು. ಮದುವೆಯಾದ ಹೊಸದರಲ್ಲಿ ಯಾರದೋ ಕ್ಯಾಮೆರಾ ಇಸಕೊಂಡು ತೆಗೆದದ್ದು. ಇಡೀ ಗುಡ್ಡ ಬರಲೆಂದು ಮಾಮಾ ಹಿಂದೆ ಹಿಂದೆ ಸರಿದಿದ್ದರು. ಗುಡ್ಡ ಬಂದಿತ್ತು, ಗುಹೆ ಬಂದಿತ್ತು, ಕಂಬಗಳೂ ಬಂದಿದ್ದವು.

"ಮಾಮಾ, ಅತ್ತಿ ಎಲ್ಲ್ಯದಾಳ?"

"ಕಂಬಕ್ಕ ಒರಗಿ ಕುಂತಾಳ ನೋಡವಾ. ಆಗ ಭಾಳ ನಾಚ್ಕೋತಿದ್ಲು."

ಮೊಬೈಲಿನಲ್ಲಿ ಹಿಡಿದು ದೊಡ್ಡದು ಮಾಡಿದೆ. ನಾಚಿಕೊಂಡವಳಿಗೆ ಬಾಲವಿತ್ತು. ಅತ್ತಿ ಚಿತ್ರದ ಆಚೆಯೇ ಉಳಿದುಬಿಟ್ಟಿದ್ದಳು.

ಅತ್ತಿ ಕನ್ನಡಕ ಏರಿಸಿ ನೋಡಿದಳು. "ನಾ ಜಗಳಾಡಿದಾಗೆಲ್ಲ ಇದನ್ನ ನೋಡಿ ಸಮಾಧಾನ ಮಾಡ್ಕೋತಿದ್ರಂತ. ಆ ಮಂಗ್ಯಾಗ ಒಂದು ಸೀರಿ ಕೊಡಸ್ರಿ!"

ಖಾಲಿ ಜಾಗ

ಕೊನೆಗೆ ಹೊಸದೇ ತೆಗೆಸುವುದೆಂದಾಯಿತು. ಇಳಕಲ್ಲಿನಲ್ಲಿ ತೆಗೆಸಿದರೆ ಓಣಿಗೆಲ್ಲ ಸುದ್ದಿಯಾಗುತ್ತದೆ ಎಂದು ನನ್ನನ್ನು ಎಬ್ಬಿಸಿಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದಳು. ಕೆಂಪು ಸೆರಗಿನ ಇಳಕಲ್ ಸೀರೆ, ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ.

"ಅಮ್ಮಾರ, ಸ್ವಲ್ಪ ನಗ್ರಿ" ಎಂದ ಸ್ಟುಡಿಯೋದವನು.

"ಸತ್ತಮ್ಯಾಲೆ ನಗಾಕ ಏನೈತೋ ತಮ್ಮಾ? ಮಂದಿ ಅಳಾಕ ಬಂದಿರ್ತಾರ."

ಅವನು ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

"ಹಿಂದ ಏನು ಹಾಕೂನ್ರಿ? ಹಿಮದ ಗುಡ್ಡ ಚಲೋ ಕಾಣ್ತಾವ."

"ಬ್ಯಾಡ, ನಾ ಶಾಲು ತಂದಿಲ್ಲ."

ಚೌಕಟ್ಟಿನ ಕೆಳಗೆ ಹೆಸರು, ಹುಟ್ಟಿದ್ದು, ತೀರಿದ್ದು ಬರೆಯುವುದು ಅವನ ಅಂಗಡಿಯ ಪದ್ಧತಿ. ಕೇಳಲು ಅವನ ನಾಲಿಗೆ ಏಳಲಿಲ್ಲ. ಅತ್ತಿಯೇ ಧೈರ್ಯ ಹೇಳಿದಳು: "ಹುಟ್ಟಿದ್ದು ಬರಿ. ಮುಂದಿನ ಜಾಗಾ ಖಾಲಿ ಬಿಡು. ಅವಸರಿಲ್ಲ."

ಚೌಕಟ್ಟಿನ ಜೊತೆ ಗಂಧದ ಮಾಲೆ ಬಿಟ್ಟಿ ಬಂತು. ಮನೆಗೆ ಬಂದು ಫೋಟೋ ತೂಗುಹಾಕಿದವಳೇ ಮಾಲೆಯನ್ನೂ ಹಾಕಿದಳು.

"ಅತ್ತಿ, ಮಾಲಿ ತಗಿ. ಮಂದಿ ಏನಂದಾರು?"

"ಒಂದಿಷ್ಟು ದಿನ ಇರಲಿ. ಆಗ ಹ್ಯಾಂಗ ಕಾಣತೈತಿ ನೋಡಾಕ ನಾ ಇರ್ತೇನೇನು?"

ಎದುರುಮನೆಯ ಕಾಕು

ಮಗಳ ಬಾಣಂತನಕ್ಕೆ ಹೋಗಿದ್ದ ಎದುರುಮನೆಯ ಕಾಕು, ಓಣಿಯ ಹುಡುಗರಿಗೆಲ್ಲ ಚಿಕ್ಕಮ್ಮ, ಮರುದಿನವೇ ಊರಿಗೆ ಬಂದಳು. ಅತ್ತಿಯನ್ನು ಮಾತಾಡಿಸಲು ನಗುತ್ತ ಒಳಗೆ ಕಾಲಿಟ್ಟವಳು, ಗೋಡೆ ನೋಡಿ ಅಲ್ಲೇ ಕುಸಿದು ಕೂತಳು. ನಮ್ಮ ಕಡೆ ಸತ್ತವರ ಗುಣಗಳನ್ನೆಲ್ಲ ಹಾಡಿಕೊಂಡು ಅಳುವ ರೂಢಿ. ಕಾಕು ಅದರಲ್ಲಿ ಎತ್ತಿದ ಕೈ.

"ನನ್ನ ಬಿಟ್ಟು ಹ್ವಾದೇನ ಯಕ್ಕಾ! ನನಗ ಒಂದು ಮಾತು ಹೇಳಲಿಲ್ಲಲ್ಲ ಯಕ್ಕಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯ ಪರದೆಯ ಸಂದಿಯಿಂದ ಅತ್ತಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟಳು.

"ಹೂವಿನಂಥಾ ರೊಟ್ಟಿ ಬಡೀತಿದ್ದಿ ಯಕ್ಕಾ!"

ಪರದೆಯ ಹಿಂದೆ ಅತ್ತಿ ತಲೆಯಾಡಿಸಿದಳು.

"ಮಾದಲಿ ಮಾಡಿದ್ರ ಮೊದಲ ನಮ್ಮನಿಗೆ ಕಳಸ್ತಿದ್ದಿ ಯಕ್ಕಾ! ನನ್ನ ಮಗಳನ್ನ ಹಡದವರಂಗ ನೋಡ್ಕೊಂಡಿ ಯಕ್ಕಾ!"

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನಗಾಗಿ ತಾನೇ ಅಳುವಷ್ಟು ಚೆನ್ನಾಗಿತ್ತು ಹಾಡು. ಕಾಕುಗೆ ಹುರುಪು ಬಂತು.

"ಚಹಾಕ್ಕ ಸಕ್ಕರಿ ಹಾಕಾಕ ಮಾತ್ರ ನಿನ್ನ ಕೈ ಬರ್ತಿರಲಿಲ್ಲ ಯಕ್ಕಾ! ಬರೇ ಬಿಸಿನೀರು ಕುಡಿಸಿ ಕಳಸ್ತಿದ್ದಿ ಯಕ್ಕಾ!"

ಪರದೆ ಸರಿಯಿತು. ಅತ್ತಿ ಸಕ್ಕರೆ ಡಬ್ಬಿ ಹಿಡಿದು ಹೊರಗೆ ಬಂದಳು. ಕಾಕು ಒಮ್ಮೆ ಗೋಡೆ ನೋಡಿದಳು, ಒಮ್ಮೆ ಅತ್ತಿಯನ್ನು ನೋಡಿದಳು.

ಅತ್ತಿ ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದಳು.

"ಎಷ್ಟು ಚಮಚಾ ಹಾಕಲಿ, ನೀನ ಹೇಳು. ಖರೇನ ಹ್ವಾದಾಗ ಹಾಡಿನ್ಯಾಗ ಇದೊಂದು ಬಿಟ್ಟುಬಿಡು."