ಕಾಗದದಲ್ಲಿ ಕಂಡ ಪುಣೆ

ಒಂದು ಊರಿನಲ್ಲಿ ಮೂರು ವರ್ಷ ಇದ್ದವನಿಗೆ ಆ ಊರು ಗೊತ್ತಿರುತ್ತದೆಂದು ಜನ ಯಾಕೆ ನಂಬುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಊರು ನೋಡುವವರೇ ಬೇರೆ, ಊರಲ್ಲಿರುವವರೇ ಬೇರೆ. ನಾನು ಎರಡನೆಯ ಜಾತಿಯವನು. ಆಗ ಇನ್ನೂ ಇಂಗ್ಲಿಷರ ರಾಜ್ಯ. ಧಾರವಾಡದಿಂದ ಬಂದ ನನಗೆ ಪುಣೆಯ ಕ್ಯಾಂಪ್ ಎಂಬ ದಂಡಿನ ಭಾಗದ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಕಾಗದಕ್ಕೆ ನಂಬರು ಹಾಕುವ ಕೆಲಸ. ರಾಸ್ತಾ ಪೇಟೆಯಲ್ಲಿ ಅಂಗಳದ ಸುತ್ತ ಖೋಲಿಗಳಿದ್ದ ಒಂದು ವಾಡೆಯಲ್ಲಿ ಒಂದೇ ಖೋಲಿಯ ಬಿಡಾರ. ಬಿಡಾರದಿಂದ ಕಚೇರಿ, ಕಚೇರಿಯಿಂದ ಖಾನಾವಳಿ, ಖಾನಾವಳಿಯಿಂದ ಬಿಡಾರ. ಈ ದಾರಿಯಲ್ಲಿ ಎಷ್ಟು ಗಟಾರಗಳಿವೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ರವಿವಾರ ಬಂತೆಂದರೆ ಧೋತರ ಒಗೆದು ಹಾಕಿ, ಅದು ಒಣಗುವವರೆಗೆ ಮಲಗುವುದು. ಎದ್ದಾಗ ಅದು ಒಣಗಿರುತ್ತಿತ್ತು, ರವಿವಾರವೂ ಮುಗಿದಿರುತ್ತಿತ್ತು.

ಇಷ್ಟೇ ಆಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನಾನು ಹದಿನೈದು ದಿನಕ್ಕೊಮ್ಮೆ ಊರಿಗೆ ಕಾಗದ ಬರೆಯುತ್ತಿದ್ದೆ. ಕಾಗದ ಅಪ್ಪನ ಹೆಸರಿಗೆ. ಲಗ್ನವಾಗಿ ಸ್ವಲ್ಪ ದಿನಕ್ಕೇ ನೌಕರಿ ಸಿಕ್ಕು ನಾನು ಇತ್ತ ಬಂದಿದ್ದೆ, ಹೆಂಡತಿ ಗಂಗಾ ಅತ್ತೆ-ಮಾವನ ಹತ್ತಿರ ಉಳಿದಿದ್ದಳು. ಆ ಕಾಲದಲ್ಲಿ ತುಂಬಿದ ಮನೆಯೊಳಗೆ ಗಂಡ ಹೆಂಡತಿಗೆ ಬೇರೆ ಕಾಗದ ಬರೆದರೆ ಓಣಿಯೆಲ್ಲ ಒಂದು ತಿಂಗಳು ನಗುತ್ತಿತ್ತು. ಅಪ್ಪನ ಕಣ್ಣು ಮಂಜಾಗಿದ್ದರಿಂದ ಕಾಗದ ಓದಿ ಹೇಳುವವಳು ಗಂಗಾ ಎಂಬುದು ನನಗೆ ಗೊತ್ತಿತ್ತು. ಆಕೆ ಓದಬೇಕಾದ ಕಾಗದದಲ್ಲಿ ಬರೀ "ಇಲ್ಲಿ ನಾನು ಕ್ಷೇಮ, ಖಾನಾವಳಿಯ ಬೇಳೆ ನೀರಾಗಿದೆ" ಎಂದು ಬರೆಯಲು ಮನಸ್ಸು ಬರುತ್ತಿರಲಿಲ್ಲ. ಅದಕ್ಕೇ ಪುಣೆಯ ವರ್ಣನೆ ಶುರು ಮಾಡಿದೆ.

ವರ್ಣನೆಗೆ ಸರಕು ಒದಗಿಸಿದವರು ಪಕ್ಕದ ಮೇಜಿನ ಬಾಪೂರಾಯರು. ಮೂಲ ಪುಣೇಕರರು. ಪೇಶ್ವೆಯರ ಸುದ್ದಿ ಎತ್ತಿದರೆ ಸಾಕು, ನಿನ್ನೆ ಮಧ್ಯಾಹ್ನ ಅವರ ಪಂಕ್ತಿಯಲ್ಲೇ ಉಂಡು ಬಂದವರಂತೆ ಮಾತಾಡುತ್ತಿದ್ದರು. ಅವರ ಅರಮನೆಯಾದ ಶನಿವಾರ ವಾಡೆಯ ಮೊಳೆ ಹೊಡೆದ ಹೆಬ್ಬಾಗಿಲು, ದಿವಾಣಖಾನೆ, ಅಲ್ಲಿನ ದೀಪದ ಗೊಂಚಲುಗಳು, ಎರಡಾಳೆತ್ತರ ನೀರು ಚಿಮ್ಮುವ ಕಾರಂಜಿ, ಪರ್ವತಿ ಗುಡ್ಡದ ಕೆಳಗಿನ ಕೆರೆಯಲ್ಲಿ ಓಡಾಡುವ ದೋಣಿಗಳು, ಎಲ್ಲವನ್ನೂ ಬಾಪೂರಾಯರು ಹೇಳಿದರು, ನಾನು ಬರೆದೆ. "ಮೊನ್ನೆ ರವಿವಾರ ಹೋಗಿ ನೋಡಿ ಬಂದೆ" ಎಂಬುದಷ್ಟೇ ನನ್ನ ಸ್ವಂತದ್ದು.

ಮೂರನೆಯ ವರ್ಷ ಗಂಗಾ ಸಂಸಾರ ಹೂಡಲು ಬಂದಳು. ಬಂದ ಮೊದಲ ರವಿವಾರವೇ ನಸುಕಿನಲ್ಲೆದ್ದು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಮಾಡಿ ಬುತ್ತಿ ಕಟ್ಟಿ, ಇಳಕಲ್ಲ ಸೀರೆ ಉಟ್ಟು ನಿಂತಳು.

"ನಡೀರಿ, ನೀವು ಕಾಗದದಾಗ ಬರದದ್ದೆಲ್ಲಾ ನೋಡಿ ಬರೋಣು" ಅಂದಳು.

"ಬಿಸಲು ಭಾಳ ಅದ" ಅಂದೆ.

"ಇನ್ನೂ ಸೂರ್ಯಾನ ಹುಟ್ಟಿಲ್ಲರಿ."

ಟಾಂಗಾ ಹತ್ತಿದೆವು. "ಈಗ ಯಾ ಕಡೆ ಹೊಳ್ಳತದರಿ?" ಎಂದು ಕೇಳಿದಳು. "ಎಡಕ್ಕ" ಅಂದೆ ಗಂಭೀರವಾಗಿ. ಟಾಂಗಾ ಬಲಕ್ಕೆ ಹೊರಳಿತು. "ಹೊಸಾ ದಾರಿ ಮಾಡಿರಬೇಕು" ಅಂದೆ.

ಶನಿವಾರ ವಾಡೆಯ ಮುಂದೆ ಇಳಿದಾಗ ಆ ದೊಡ್ಡ ಬಾಗಿಲು, ನುಗ್ಗಿ ಬರುವ ಆನೆಯ ಹಣೆ ಚುಚ್ಚಲೆಂದು ಅದಕ್ಕೆ ಹೊಡೆದ ಕಬ್ಬಿಣದ ಮೊಳೆಗಳು, ನಾನು ಬರೆದಂತೆಯೇ ಇದ್ದವು. ಗಂಗಾ ಒಂದು ಮೊಳೆಯನ್ನು ಬೆರಳಿಂದ ಮುಟ್ಟಿ ನೋಡಿ ಸಂತೋಷಪಟ್ಟಳು. ನನ್ನ ಎದೆಯೂ ಸ್ವಲ್ಪ ಉಬ್ಬಿತು. ಒಳಗೆ ಕಾಲಿಟ್ಟ ಮೇಲೆ ನೋಡಿದರೆ ಆಕಾಶ. ದಿವಾಣಖಾನೆ ಇಲ್ಲ, ಗೊಂಚಲು ಇಲ್ಲ, ಅವನ್ನು ತೂಗುಹಾಕಲು ಒಂದು ಮಾಳಿಗೆಯೂ ಇಲ್ಲ. ಬರೀ ತಳಪಾಯದ ಕಲ್ಲುಗಳು, ನಡುನಡುವೆ ಹುಲ್ಲು. ಕಾರಂಜಿಯ ಕುಣಿಯಲ್ಲಿ ಒಂದು ನಾಯಿ ಮಲಗಿತ್ತು.

ಗಂಗಾ ಸುತ್ತಲೂ ನೋಡಿದಳು. "ಗೊಂಚಲಾ ಎಲ್ಲ್ಯವರಿ?"

ಅಲ್ಲೇ ಕೂತಿದ್ದ ಕಾವಲುಗಾರನನ್ನು ನಾನು ಮರಾಠಿಯಲ್ಲಿ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಎರಡು ಮಾತಿನಲ್ಲಿ ಉತ್ತರ ಕೊಟ್ಟ.

"ಏನಂದನರಿ ಅಂವಾ?"

"ದುರಸ್ತಿಗೆ ಕಳಿಸ್ಯಾರಂತ."

ಗಂಗಾ ಸೆರಗು ಸರಿಮಾಡಿಕೊಂಡಳು. "ನಮ್ಮ ತವರುಮನಿ ಗ್ವಾಡಿಗೆ ಹತ್ತಿ ಮರಾಠಿ ಮಂದೀನ ಇದ್ರರಿ. ಸಣ್ಣಾಕಿದ್ದಾಗಿಂದ ಅವರ ಮನ್ಯಾಗ ಆಡಿ ಬೆಳದೀನಿ. ಎಲ್ಲಾ ಸುಟ್ಟು ಹೋಗಿ ನೂರು ವರ್ಷ ಆತು ಅಂದಾ ಅಂವಾ."

ಹೆಂಡತಿಗೆ ಮರಾಠಿ ಬರುತ್ತದೆ ಎಂಬ ಸಂಗತಿ ಗಂಡನಿಗೆ ಗೊತ್ತಾಗಲು ಇದಕ್ಕಿಂತ ಕೆಟ್ಟ ಜಾಗ ಇರಲಿಕ್ಕಿಲ್ಲ. ಅಲ್ಲಿಂದ ಟಾಂಗಾ ಹಿಡಿದು ಪರ್ವತಿ ಗುಡ್ಡಕ್ಕೆ ಹೋದೆವು. ಗುಡ್ಡದ ಮೆಟ್ಟಿಲುಗಳು ಅಗಲವಾಗಿವೆ, ಆನೆ ಹತ್ತಲೆಂದೇ ಕಟ್ಟಿಸಿದ್ದೆಂದು ಬಾಪೂರಾಯರು ಹೇಳಿದ್ದರು. ಕುರ್ಚಿಯಲ್ಲಿ ಕೂತು ಸವೆದ ನನ್ನ ಕಾಲುಗಳಿಗೆ ಅವು ಹೊಂದಲಿಲ್ಲ. ಗಂಗಾ ಬುತ್ತಿ ಹಿಡಿದು, ಕಚ್ಚೆ ಸೀರೆಯಲ್ಲೇ ಸರಸರ ಹತ್ತಿದಳು. ನಾನು ಹತ್ತು ಮೆಟ್ಟಿಲಿಗೊಮ್ಮೆ ನಿಂತು ದೂರದ ಗುಡ್ಡಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಉಸಿರು ಬರುವವರೆಗೆ ಆ ಆಸಕ್ತಿ ಇರುತ್ತಿತ್ತು.

ಮೇಲೆ ದೇವರ ದರ್ಶನ ಮಾಡಿ, ಕಟ್ಟೆಯ ಮೇಲೆ ಕೂತು ಕೆಳಗೆ ನೋಡಿದೆವು. ಕೆರೆ ಇರಬೇಕಾದಲ್ಲಿ ಹುಲ್ಲುಗಾವಲು. ಗಿಡಗಳ ನಡುವೆ ಗಣಪತಿಯ ಗುಡಿ. ದೋಣಿಗಳಿರಬೇಕಾದಲ್ಲಿ ನಾಲ್ಕು ಎಮ್ಮೆ ಮೇಯುತ್ತಿದ್ದವು.

"ದೋಣಿ ಅವ ಏನ್ರಿ?" ಅಂದಳು. ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

"ಇಲ್ಲ" ಅಂದೆ. "ನಾ ಏನೂ ನೋಡಿಲ್ಲ. ನಮ್ಮ ಕಚೇರಿ ಬಾಪೂರಾವ್ ಹೇಳಿದ್ದು ಕೇಳಿ ಬರದೆ. ಅವರು ಆಗಿನ ಕಾಲದ್ದು ಹೇಳ್ಯಾರ, ನಾ ಈಗಿಂದು ಅಂತ ತಿಳಕೊಂಡೆ."

ಗಂಗಾ ಎಮ್ಮೆಗಳನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ಅಂದಳು: "ಕಾಗದ ಬಂತಂದ್ರ ಓಣಿ ಹೆಣ್ಮಕ್ಕಳೆಲ್ಲಾ ಬಂದು ಕೂಡತಿದ್ರು. ನಾನ ಓದತಿದ್ದೆ. ಮಾವನವರಿಗೆ ಕಾರಂಜಿ ಕಟಗೊಂಡು ಏನಾಗಬೇಕು? ನನ್ನ ಸಲುವಾಗಿನ ಬರದಾರ ಅಂತ ತಿಳಕೊಂಡಿದ್ದೆ. ಅದೂ ನಂದು ತಪ್ಪು ಏನೋ."

ಸುಳ್ಳಿನಲ್ಲಿ ನುರಿತವನಿಗೆ ಖರೇ ಮಾತಾಡುವಾಗ ನಾಲಿಗೆ ತೊಡರುತ್ತದೆ. "ನಿನ್ನ ಸಲುವಾಗೇ ಬರದದ್ದು" ಅಂದೆ. "ಬಂದ ಮೊದಲನೇ ವರ್ಷ ಒಮ್ಮೆ ಈ ಗುಡ್ಡದ ಬುಡದ ತನಕಾ ಬಂದಿದ್ದೆ. ಎಲ್ಲಾರೂ ಹೆಂಡ್ತಿ ಮಕ್ಕಳನ್ನ ಕರಕೊಂಡು ಹತ್ತಲಿಕ್ಕೆ ಹತ್ತಿದ್ರು. ಒಬ್ಬನ ಹತ್ತೋದು ಬ್ಯಾಡನಿಸಿ, ಕೆರಿ ಕಡೆ ಸುದ್ಧಾ ನೋಡದ ಹೊಳ್ಳಿ ಹೋದೆ."

ಆಕೆ ನನ್ನ ಮುಖ ನೋಡಿದಳು. "ಇದು ಖರೇನೋ, ಇದನ್ನೂ ಬಾಪೂರಾವ್ ಹೇಳ್ಯಾರೋ?"

"ಖರೇ."

"ಮೆಟ್ಟಿಲಾ ಭಾಳ ಇದ್ದದ್ದಕ್ಕ ಅಲ್ಲಾ?"

"ಅದೂ ಸ್ವಲ್ಪ ಇತ್ತು."

ಗಂಗಾ ಸೆರಗು ಬಾಯಿಗೆ ಹಿಡಿದು ನಕ್ಕಳು, ಬುತ್ತಿ ಬಿಚ್ಚಿದಳು. ಚಟ್ನಿಯ ದೊಡ್ಡ ಪಾಲು ನನ್ನ ಕಡೆಗೇ ಬಂತು. ಅಲ್ಲಿಂದ ಮುಂದೆ ದಾರಿ ಕೇಳುವ ಕೆಲಸ ಆಕೆಯದಾಯಿತು. ತುಳಶಿಬಾಗಿನ ರಾಮನ ಗುಡಿ, ಬಳೆ ಅಂಗಡಿ, ಹಿತ್ತಾಳೆಯ ಆಟದ ಪಾತ್ರೆಗಳ ಸಾಲು, ಕಾಯಿಪಲ್ಲೆ ಮಾರುವ ಮಂಡಯಿ, ಎಲ್ಲವನ್ನೂ ಆಕೆ ಮರಾಠಿಯಲ್ಲಿ ಕೇಳಿ ಕೇಳಿ ನನಗೆ ತೋರಿಸಿದಳು. ನಾನು ಚೀಲ ಹಿಡಿದು ಹಿಂದೆ ನಡೆದೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬಿಡಾರದ ವಾಡೆಗೆ ಬಂದೆವು. ಮನೆ ಮಾಲಕರ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದವರು, ಅಂಗಳದ ನಳದ ಹತ್ತಿರ ಗಂಗಾಳನ್ನು ನಿಲ್ಲಿಸಿಕೊಂಡು ಏನೇನು ನೋಡಿದಿರಿ ಎಂದು ಮರಾಠಿಯಲ್ಲಿ ವಿಚಾರಿಸಿದರು. ನಾನು ಖೋಲಿಯೊಳಗೆ ಕಾಲು ಚಾಚಿ ಕೂತು, ಇನ್ನು ನನ್ನ ಮಾನ ನಳದ ನೀರಿನಲ್ಲಿ ಹರಿದುಹೋಯಿತೆಂದು ಕಿವಿಗೊಟ್ಟೆ. ಗಂಗಾ ಹೇಳತೊಡಗಿದಳು. ಶನಿವಾರ ವಾಡೆಯಲ್ಲಿ ನಮ್ಮ ಯಜಮಾನರು ಗೊಂಚಲು ಎಲ್ಲಿ ತೂಗುತ್ತಿತ್ತು, ಕಾರಂಜಿಯ ನೀರು ಎಲ್ಲಿಯವರೆಗೆ ಏರುತ್ತಿತ್ತು ಎಂದು ಜಾಗ ಹಿಡಿದು ತೋರಿಸಿದರಂತೆ. ಪರ್ವತಿಯ ಮೇಲೆ ಕೂತು ದೋಣಿಗಳು ಯಾವ ದಂಡೆಯಿಂದ ಹೊರಡುತ್ತಿದ್ದವೆಂದು ಹೇಳಿದರಂತೆ. ಒಂದೊಂದು ಕಲ್ಲಿಗೂ ಒಂದೊಂದು ಕಥೆ ಬಲ್ಲರಂತೆ. ಕಾಕೂ ಕೊಡ ತುಂಬಿ ಹೊರಚೆಲ್ಲುವುದನ್ನೂ ಮರೆತು ಕೇಳಿದರು. ಇದೇ ಊರಲ್ಲಿ ಹುಟ್ಟಿದ ತಮ್ಮ ಯಜಮಾನರು ಇಷ್ಟು ವರ್ಷದಲ್ಲಿ ಒಂದು ಕಲ್ಲನ್ನೂ ತೋರಿಸಿಲ್ಲ ಎಂದು ಅಲ್ಲಿಂದಲೇ ದೊಡ್ಡದನಿ ತೆಗೆದರು.

ಸ್ವಲ್ಪ ಹೊತ್ತಿಗೆ ಮಾಲಕರು ನಮ್ಮ ಹೊಸ್ತಿಲಿಗೆ ಬಂದು ನಿಂತರು. ಬರುವ ರವಿವಾರ ತಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಎಲ್ಲ ವಿವರಿಸಬೇಕೆಂದು ಬಹಳ ವಿನಯದಿಂದ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಗಂಗಾ ನನ್ನ ಪರವಾಗಿ ಒಪ್ಪಿಬಿಟ್ಟಳು. ನನ್ನ ಮೀನಖಂಡಗಳು ಬೇಡವೆನ್ನುತ್ತಿದ್ದವು. ಆದರೂ ನಾನು ತಕರಾರು ಮಾಡಲಿಲ್ಲ. ಆಕೆಯ ಬಾಯಲ್ಲಿ ಅಷ್ಟೆಲ್ಲ ಕೇಳಿದ ಮೇಲೆ ಆ ಊರನ್ನು ನಾನೂ ಒಮ್ಮೆ ನೋಡಬೇಕೆಂದು ಆಸೆಯಾಗಿತ್ತು.