ಸಾರ್ದು ಅಮ್ಮನಿಗೆ ತುಳು ಉತ್ತರ

ದುಬೈಯ ಕರಾಮಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಭಾಷೆ ವಿಷಯದಲ್ಲಿ ನಾನು ಪೆಚ್ಚಾಗುವುದು ಮಾತ್ರ ಇನ್ನೂ ನಿಂತಿಲ್ಲ ಮಾರಾಯ್ರೆ. ಕಳೆದ ವರ್ಷ ಹೊಸ ಹೋಟೆಲಿನ ಅಡುಗೆಮನೆಗೆ ಸೇರಿದೆ. ಆರು ತಿಂಗಳು ಪ್ರೊಬೇಷನ್. ಶೆಫ್ ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ವೀಸಾ ಕ್ಯಾನ್ಸಲ್ ಮಾಡಿಸಿ ಸೀದಾ ಉಡುಪಿಗೆ.

೧. ಬೊಂಜೋರ್ನೊ

ಶೆಫ್ ಇಟಲಿಯವರು ಅಂತ ಕೇಳಿ, ಹತ್ತು ದಿನ ಫೋನ್ ನೋಡಿ ಇಟಾಲಿಯನ್ ಉರು ಹೊಡೆದೆ. ಮೊದಲ ದಿನವೇ ಗಟ್ಟಿಯಾಗಿ "ಬೊಂಜೋರ್ನೊ" ಅಂದೆ. ಮನುಷ್ಯನ ಮುಖ ಹುಳಿಹುಳಿ.

"ನಾನು ಸಾರ್ಡಿನಿಯ ದ್ವೀಪದವನು. ನಮ್ಮ ಭಾಷೆ ಸಾರ್ದು. ಅದು ಇಟಾಲಿಯನ್ನಿನ ಉಪಭಾಷೆ ಅಲ್ಲ, ಬೇರೆಯೇ ಭಾಷೆ!" ಅಂತ ಇಂಗ್ಲಿಷಿನಲ್ಲಿ ಕಾಲು ಗಂಟೆ ಪಾಠ.

ನನಗೇನೂ ಬೇಜಾರಾಗಲಿಲ್ಲ. ತುಳು ಅಂದ್ರೆ ಕನ್ನಡದ್ದೇ ಒಂದು ನಮೂನೆ ಅಲ್ವಾ ಅಂತ ಯಾರಾದರೂ ಕೇಳಿದರೆ ನಾನು ಅರ್ಧ ಗಂಟೆ ಬಿಡುವುದಿಲ್ಲ.

೨. ಒಂದೇ ದ್ವೀಪದವರು

ಸ್ವಲ್ಪ ದಿನಕ್ಕೆ ಕೇಕ್ ವಿಭಾಗಕ್ಕೆ ಇನ್ನೊಬ್ಬ ಸಾರ್ಡಿನಿಯದವ ಬಂದ. ಶೆಫ್‌ಗೆ ಈಗ ಬಾಯ್ತುಂಬ ಮಾತಾಡಲು ಜನ ಸಿಕ್ಕಿತು ಅಂತ ನಾನು ಖುಷಿಪಟ್ಟೆ. ನೋಡಿದರೆ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ!

"ಅವನದು ಉತ್ತರದ ಕಡೆಯದು. ಅದನ್ನೂ ಸಾರ್ದು ಅಂತಾರಾ?" ಅಂದರು ಶೆಫ್.

ನಾನು ನಗಲಿಲ್ಲ. ನನ್ನ ಫ್ಲಾಟಿನಲ್ಲಿ ಮಂಗಳೂರಿನ ನರ್ಸಮ್ಮ ಒಬ್ಬರು, ಕಾರವಾರದ ಟೀಚರ್ ಒಬ್ಬರು. ಇಬ್ಬರ ಮಾತೃಭಾಷೆಯೂ ಕೊಂಕಣಿ. ಉಪ್ಪಿನ ಡಬ್ಬಿ ಕೇಳುವುದು ಹಿಂದಿಯಲ್ಲಿ.

೩. ಅಮ್ಮ ಬಂದರು

ಪ್ರೊಬೇಷನ್ ಮುಗಿಯಲು ಮೂರು ದಿನ ಇತ್ತು. ಶೆಫ್ ಊರಿನ ಆಲೂಗಡ್ಡೆ ಹೂರಣದ ಕಡುಬಿಗೆ ಗೋಧಿ ತೆನೆಯ ಹಾಗೆ ಅಂಚು ಹೆಣೆಯಬೇಕು. ನಾನು ಹೆಣೆದದ್ದೆಲ್ಲ ಬೇಯುವಾಗ ಬಾಯಿ ಬಿಡುತ್ತಿತ್ತು. "ಗುರುವಾರದೊಳಗೆ ಬರದಿದ್ದರೆ ಖಲಾಸ್" ಅಂದರು ಶೆಫ್.

ಅದೇ ವಾರ ದುಬೈ ನೋಡಲು ಬಂದಿದ್ದ ಅವರ ಅಮ್ಮ ಅಡುಗೆಮನೆಗೂ ಬಂದರು. ಸಾರ್ದು ಬಿಟ್ಟು ಬೇರೆ ಮಾತಿಲ್ಲ. ನನ್ನ ಕಡುಬು ನೋಡಿದವರೇ ಕೈಗೆ ಪಟ್ ಅಂತ ಒಂದು ಕೊಟ್ಟು, ಪಕ್ಕದಲ್ಲಿ ನಿಂತು ತೋರಿಸತೊಡಗಿದರು, ಬೈಯುತ್ತಲೇ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಹಿರಿಯರು ಮಾತಾಡುವಾಗ ಸುಮ್ಮನಿರಲಿಕ್ಕಾಗ್ತದಾ? "ಅಂದ್ ಅಮ್ಮಾ, ಅಂದ್" ಅಂತ ತುಳುವಿನಲ್ಲೇ ಹೂಂಗುಟ್ಟಿದೆ. ಆಮೇಲೆ ಧೈರ್ಯ ಬಂದು ಮನೆಯ ಕಷ್ಟಸುಖವೆಲ್ಲ ತುಳುವಿನಲ್ಲೇ ಹೇಳಿದೆ. ಅವರೂ ಏನೇನೋ ಹೇಳಿ ಕಣ್ಣೊರೆಸಿಕೊಂಡರು. ಸಂಜೆಯೊಳಗೆ ಒಂದು ತಟ್ಟೆ ತುಂಬ ಕಡುಬು, ಒಂದೂ ಬಾಯಿ ಬಿಡಲಿಲ್ಲ.

ಶೆಫ್ ನೋಡಿ ಅಲ್ಲೇ ಸಹಿ ಹಾಕಿದರು. ನಾನು ಆ ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿದೆ. ಅವರ ಋಣ ನನ್ನ ಮೇಲೆ ಯಾವತ್ತೂ ಉಂಟು. ಅವರು ನನ್ನ ಗಲ್ಲ ಹಿಡಿದು ಮಗನ ಕಡೆ ತಿರುಗಿ ಏನೋ ಅಂದರು. ಶೆಫ್ ಕೆಂಪಗಾದರು.

"ಏನಂದರು?" ಕೇಳಿದೆ.

"'ಇವಳು ಯಾವುದೋ ಗುಡ್ಡದ ಹಳ್ಳಿಯವಳು, ಮಾತು ಸ್ವಲ್ಪ ಒರಟು. ಆದರೂ ನೋಡು, ದುಬೈಗೆ ಬಂದರೂ ನಮ್ಮ ಸಾರ್ದು ಮರೆತಿಲ್ಲ. ನೀನು ಮರೆತೆ' ಅಂದರು."