ಬಾಗಿಲ ಹೊರಗೆ ಉಳಿದ ಮೆತ್ತೆ

ಹೋದ ವರ್ಷ ದೀಪಾವಳಿ ಮುಗಿದ ವಾರದಿಂದ ಸಂಕ್ರಾಂತಿಯವರೆಗೆ ನಡೆದ ಸಂಗತಿಗಳಿವು. ಮನೆಯಲ್ಲಿ ಕಾಲು ನೋಯುವವರು ಒಬ್ಬರಿದ್ದರೆ ಸಾಕು, ಬುದ್ಧಿ ಹೇಳುವವರು ತಾವಾಗಿಯೇ ಬರುತ್ತಾರೆ. ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನಮ್ಮ ಅವ್ವನಿಗೆ ಸಂಧಿವಾತ. ಹೊಸಪೇಟೆ ಪಕ್ಕದ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್. ದಿನಕ್ಕೆ ನಾಲ್ಕು ತಾಸು ನಿಂತು ಪಾಠ ಮಾಡಬೇಕು. ನಿಲ್ಲಲಾಗದಿದ್ದರೆ ಕೆಲಸ ಬಿಡಬೇಕು. ಬಿಡಲು ಅವಳಿಗೆ ಮನಸ್ಸಿಲ್ಲ.

೧. ಹದಿನಾಲ್ಕು ಹೆಜ್ಜೆ

ಕಾಲಿನ ಡಾಕ್ಟರು ಅವ್ವನ ಪಾದದ ಅಚ್ಚು ತೆಗೆದು ಬೂಟಿನೊಳಗೆ ಹಾಕುವ ಮೆತ್ತೆ ಮಾಡಿಸಿಕೊಟ್ಟರು. ಅದರಿಂದ ರೋಗ ವಾಸಿಯಾಗುವುದಿಲ್ಲ. ಮುಂಗಾಲಿನ ಮೇಲೆ ಬೀಳುವ ಭಾರ ಹಂಚಿಹೋಗಿ ನೋವು ಕಡಿಮೆಯಾಗುತ್ತದೆ, ಅಷ್ಟೆ.

"ಇದಿಲ್ಲದ ಒಂದ್ ಹೆಜ್ಜೀನೂ ಇಡಬ್ಯಾಡ್ರಿ," ಎಂದರು ಡಾಕ್ಟರು.

"ನಿಮ್ಮ ಬಾಗಿಲದಿಂದ ಈ ಕುರ್ಚಿಗೆ ಹದಿನಾಲ್ಕು ಹೆಜ್ಜಿ ಬರಿಗಾಲಲ್ಲೇ ಬಂದೀನ್ರಿ," ಎಂದಳು ಅವ್ವ.

ಬಾಗಿಲಲ್ಲಿ ಬೋರ್ಡು ಇತ್ತು: ಪಾದರಕ್ಷೆ ಹೊರಗೆ ಬಿಡಿ. ಡಾಕ್ಟರು ಅದರ ಕಡೆ ನೋಡಿದರು. ಮುಂದಿನ ಸಲ ಹೋದಾಗ ಅದರ ಕೆಳಗೆ ಇನ್ನೊಂದು ಬೋರ್ಡು ಬಂದಿತ್ತು: ನಿಮ್ಮ ಪಾದಗಳನ್ನು ಕಾಪಾಡಿಕೊಳ್ಳಿ.

ನಾನು ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಅದಿರು ತೂಗುವವನು. ಎಣಿಸುವುದು ಅಭ್ಯಾಸ. ಅವ್ವ ಬೂಟು ಬಿಚ್ಚುವ ಲೆಕ್ಕವನ್ನು ಅಂದಿನಿಂದ ದಿನಾ ಸಂಜೆ ಅವಳನ್ನೇ ಕೇಳಿ ಬರೆದಿಟ್ಟೆ.

೨. ಎಕ್ಕೆ ಎಲೆ

ಮನೆಯೊಳಗೆ ಹಾಕಲೆಂದೇ ಒಂದು ಹೊಸ ಜೋಡಿ ಬೂಟು ತಂದೆವು. ಅದೇ ದಿನ ಕಂಪ್ಲಿಯಿಂದ ಸೋದರತ್ತೆ ಬಂದಳು.

"ಮನ್ಯಾಗ ಬೂಟು! ಲಕ್ಷ್ಮಿ ಒಳಗ ಬರ್ತಾಳೇನು?"

"ಇದು ಬೀದಿಗೆ ಹೋಗಿಲ್ಲತ್ತಿ," ಎಂದೆ.

"ಸುಮ್ಮ ಕುಂದ್ರು. ಎಕ್ಕಿ ಎಲಿ ಬಿಸಿ ಮಾಡಿ ಕಟ್ಟಿದ್ರ ಎಲ್ಲಾ ಬ್ಯಾನಿ ಹೋಗ್ತೈತಿ. ನಾ ಮಣಕಾಲಿಗೆ ಹನ್ನೊಂದು ವರ್ಷದಿಂದ ಕಟ್ಟಾಕತ್ತೀನಿ."

"ಕಡಿಮಿ ಆಗೇತೇನತ್ತಿ?"

"ಕಡಿಮಿ ಆಗಿದ್ರ ಇನ್ನೂ ಯಾಕ ಕಟ್ಕೊಂತಿದ್ದೆ?"

೩. ಅಪ್ಪನ ವಾಕಿಂಗು

ಒಂದು ಮುಂಜಾನೆ ಅವ್ವನ ಬೂಟಿನಲ್ಲಿ ಮೆತ್ತೆ ಇರಲಿಲ್ಲ. ಅಪ್ಪನ ಬೂಟಿನಲ್ಲಿತ್ತು. ಅಪ್ಪನ ಕಾಲಿಗೆ ಯಾವ ರೋಗವೂ ಇಲ್ಲ. ಅವ್ವನ ಪಾದಕ್ಕಿಂತ ಅವನದು ಮೂರು ಬೆರಳು ಉದ್ದ.

"ಲೇ, ಭಾಳ ಮೆತ್ತಗ ಅದಾವು. ಆಕಿ ಹೆಂಗೂ ಸಾಲ್ಯಾಗ ಬಿಚ್ಚೇ ಇಡ್ತಾಳ. ಸುಮ್ಮ ಹಾಳಾಗ್ತಾವಲ್ಲ ಅಂತ ಹಾಕ್ಕೊಂಡೆ."

ಬೇರೆಯವರ ಪಾದದ ಅಚ್ಚಿನ ಮೇಲೆ ಅಪ್ಪ ಮೂರು ದಿನ ನಡೆದ. ನಾಲ್ಕನೇ ದಿನ ಮಂಚದ ಮೇಲೆ ಕುಳಿತು ಕೇಳಿದ: "ಆ ಡಾಕ್ಟರು ಗಂಡಸರನ್ನೂ ನೋಡ್ತಾರೇನು?"

೪. ಮೇಲಿನವರು

ದೀಪಾವಳಿ ರಜೆಯಲ್ಲಿ ಶಾಲೆಗೆ ಹೊಸ ಟೈಲ್ಸ್ ಹಾಕಿಸಿದ್ದರು. ಕ್ಲಾಸಿನೊಳಗೆ ಯಾರೂ ಪಾದರಕ್ಷೆ ಹಾಕಬಾರದು ಎಂದು ಹೆಡ್‌ಮಾಸ್ತರರ ಆಜ್ಞೆ. ಅವ್ವ ಡಾಕ್ಟರ ಪತ್ರ ಕೊಟ್ಟಳು. ಅವರು ಎರಡು ಸಲ ಓದಿದರು.

"ಬೂಟು ಹಾಕ್ಕೋಬೇಕು ಅಂತ ಐತ್ರಿ ಟೀಚರ್. ಕ್ಲಾಸಿನ್ಯಾಗ ಹಾಕ್ಕೋಬೇಕು ಅಂತ ಎಲ್ಲೈತಿ?"

ಅವ್ವ "ಕ್ಲಾಸಿನಲ್ಲಿಯೂ" ಎಂದು ಬರೆಸಿಕೊಂಡು ಬಂದಳು.

"ಮ್ಯಾಲಿನವರನ್ನ ಕೇಳಬೇಕಾಗ್ತೈತ್ರಿ."

ಕೇಳಲಿಲ್ಲ. ಅವ್ವ ಬರಿಗಾಲಲ್ಲಿ ನಿಂತಳು. ಡಿಸೆಂಬರಿನಲ್ಲಿ ಗೋಡೆ ಹಿಡಿದು ನಿಂತಳು. ಜನವರಿಯಲ್ಲಿ, ಕೆಲಸ ಬಿಡುವ ಅರ್ಜಿ ಹೇಗೆ ಬರೆಯುವುದು ಎಂದು ನನ್ನನ್ನು ಕೇಳಿದಳು.

ಸಂಕ್ರಾಂತಿಗೆ ಮುಂಚಿನ ಶನಿವಾರ ನಾನೇ ಅವ್ವನನ್ನು ಬೈಕಿನಲ್ಲಿ ಶಾಲೆಗೆ ಬಿಡಲು ಹೋಗಿದ್ದೆ. ಅಷ್ಟರಲ್ಲಿ ಮೇಲಿನವರೇ ಜೀಪಿನಲ್ಲಿ ಬಂದರು, ತಪಾಸಣೆಗೆ. ಕ್ಲಾಸಿನ ಬಾಗಿಲಲ್ಲಿ ಅಧಿಕಾರಿ ಬಗ್ಗಿ ತಮ್ಮ ಬೂಟಿನ ಲೇಸಿಗೆ ಕೈ ಹಾಕಿದರು. ಹೆಡ್‌ಮಾಸ್ತರರು ಓಡಿ ಹೋಗಿ ಆ ಕೈ ಹಿಡಿದುಕೊಂಡರು.

"ಬ್ಯಾಡ್ರಿ ಸರ್, ಬ್ಯಾಡ! ಟೈಲ್ಸ್ ಭಾಳ ತಂಪದಾವ. ಕಾಲು ಹಿಡ್ಕೊಂತಾವ. ಬೂಟು ಇರ್ಲಿ!"

ಹಿಂದೆ ಅವ್ವ ಒಂದು ಬೂಟು ಬಿಚ್ಚಿ ನಿಂತಿದ್ದಳು. ಅದನ್ನು ಮತ್ತೆ ಹಾಕಿಕೊಂಡಳು.

"ಹೌದ್ರಿ ಸರ್, ಭಾಳ ತಂಪದಾವ," ಎಂದು ಅಧಿಕಾರಿಯ ಹಿಂದೆಯೇ ಒಳಗೆ ನಡೆದಳು.

ಹೆಡ್‌ಮಾಸ್ತರರು ಬಾಯಿ ತೆರೆದರು. ಅಧಿಕಾರಿ ತಿರುಗಿ ನೋಡಿದರು. ಬಾಯಿ ಮುಚ್ಚಿತು.

ಸೋಮವಾರ ಹೆಡ್‌ಮಾಸ್ತರರು ಬಾಗಿಲಲ್ಲೇ ಕಾದಿದ್ದರಂತೆ. "ಟೀಚರ್, ಅವತ್ತಿನ ಮಾತು ಬ್ಯಾರೆ..."

"ಮ್ಯಾಲಿನವರನ್ನ ಕೇಳ್ರಿ ಸರ್," ಎಂದಳಂತೆ ಅವ್ವ, ಬೂಟು ಹಾಕಿಕೊಂಡೇ ಒಳಗೆ ಹೋಗುತ್ತ.

ಅರ್ಜಿ ಬರೆಯಲಿಲ್ಲ. ದೀಪಾವಳಿ ಕಳೆದ ಮೊದಲ ವಾರ ಶಾಲೆಯಲ್ಲಿ ಅವ್ವ ಬೂಟು ಬಿಚ್ಚಿದ್ದು ಇಪ್ಪತ್ತನಾಲ್ಕು ಸಲ. ಸಂಕ್ರಾಂತಿಯ ವಾರ, ಸೊನ್ನೆ.